ಗುಂಡಿನ ದಾಳಿಯಿಂದ ಪಾರಾದ ಮಗ ಅದರ ಮೇಲೆಯೇ ಸಿನಿಮಾ ಮಾಡುತ್ತಿದ್ದಾನೆ, ತಡೆಯಬೇಕೇ?

ಪ್ರಶ್ನೆ: ಡಾಕ್ಟರೇ, ನಾನು ಮೈಸೂರಿನವಳು, ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನನ್ನ ಮಗನಿಗೆ 26 ವರ್ಷ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹದಿನಾಲ್ಕು ತಿಂಗಳ ಹಿಂದೆ ಅವನ ಕ್ಯಾಂಪಸ್ಸಿನಲ್ಲಿ ಗುಂಡಿನ ದಾಳಿ ನಡೆದು ಕೆಲವರು ಸತ್ತರು. ಅವನು ಇನ್ನಿಬ್ಬರ ಜೊತೆ ಲ್ಯಾಬಿನ ಸಾಮಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತು ಪಾರಾದ. ಮೈಗೆ ಒಂದು ಗೀರೂ ಆಗಲಿಲ್ಲ. ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇದ್ದ. ಈಗ ಸಹಪಾಠಿಯೊಬ್ಬಳ ಜೊತೆ ಸೇರಿ ಆ ದಿನದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾನೆ. ಬೇರೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೋಗಳನ್ನೆಲ್ಲ ತರಿಸಿಕೊಂಡು ರಾತ್ರಿ ಮೂರು ಗಂಟೆಯವರೆಗೆ ಎಡಿಟಿಂಗ್ ಮಾಡುತ್ತಾನೆ. ಎರಡು ಕೋರ್ಸು ಕೈಬಿಟ್ಟಿದ್ದಾನಂತೆ. ದೀಪಾವಳಿಯ ದಿನ ವಿಡಿಯೋ ಕಾಲಿನಲ್ಲಿದ್ದಾಗ ನಮ್ಮ ಬೀದಿಯಲ್ಲಿ ಆಟಂ ಬಾಂಬ್ ಸಿಡಿದ ಸದ್ದಿಗೆ ಅವನ ಕೈಯಿಂದ ಫೋನು ಬಿತ್ತು. ಆಮೇಲೆ ಎರಡು ದಿನ ಕರೆ ಮಾಡಲಿಲ್ಲ. ಒಮ್ಮೆ ಮಾತ್ರ, “ಅಮ್ಮ, ಯಾರೋ ಬಾಗಿಲು ಬಡಿದರು, ನಾವು ತೆಗೀಲಿಲ್ಲ” ಎಂದ. ಮುಂದೆ ಏನೂ ಹೇಳಲಿಲ್ಲ. ನಮ್ಮ ಯಜಮಾನರು, “ಮರೆಯಬೇಕಾದ್ದನ್ನು ಕೆದಕಿಕೊಂಡು ಕೂತಿದ್ದಾನೆ, ಕರೆಸಿ ಮದುವೆ ಮಾಡಿದರೆ ಸರಿಹೋಗುತ್ತಾನೆ” ಎನ್ನುತ್ತಾರೆ. ನನ್ನ ತಂಗಿಯ ಮಗಳು, “ದೊಡ್ಡಮ್ಮ, ಅದೇ ಅವನಿಗೆ ಥೆರಪಿ, ಬಿಟ್ಟುಬಿಡಿ” ಎನ್ನುತ್ತಾಳೆ. ನಿದ್ದೆಗೆ ಇಲ್ಲಿಂದ ಮಾತ್ರೆ ಕಳಿಸಿಕೊಡಬಹುದೇ? ಸಿನಿಮಾದ ಇಪ್ಪತ್ತು ನಿಮಿಷದ ಕರಡನ್ನು ನನಗೆ ಕಳಿಸಿದ್ದಾನೆ. ತೆರೆದು ನೋಡುವ ಧೈರ್ಯ ಬಂದಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಮಗ ಆ ದಿನದಿಂದ ಇನ್ನೂ ಹೊರಬಂದಿಲ್ಲವೇನೋ ಎಂಬುದು ಒಂದು. ಅವನು ಕೈಹಾಕಿರುವ ಕೆಲಸವೇ ಅವನನ್ನು ಮತ್ತಷ್ಟು ಒಳಕ್ಕೆ ಎಳೆಯುತ್ತಿದೆಯೇನೋ ಎಂಬುದು ಇನ್ನೊಂದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿನಿಮಾವನ್ನು ನಿಲ್ಲಿಸಲು ಹೋಗಬೇಡಿ. ಆದರೆ ಅದನ್ನು ಚಿಕಿತ್ಸೆ ಎಂದೂ ತಿಳಿಯಬೇಡಿ. ಅವನಿಗೆ ಚಿಕಿತ್ಸೆ ಬೇರೆಯಾಗಿಯೇ ಬೇಕು, ಮತ್ತು ಸಿನಿಮಾ ಕೆಲಸ ಈಗ ನಡೆಯುತ್ತಿರುವ ರೀತಿ ಬದಲಾಗಬೇಕು. ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಆ ಬಾಗಿಲು ಬಡಿದ ಸಂಗತಿಯಿದೆಯಲ್ಲ, ಇಡೀ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಅದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಯಜಮಾನರ ಮಾತು. ಮರೆತರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಸಣ್ಣಪುಟ್ಟ ದುಃಖಗಳ ಮಟ್ಟಿಗೆ ಅದು ನಿಜವೂ ಹೌದು. ಜೀವಕ್ಕೆ ಎರವಾಗುವಂಥ ಘಟನೆಯ ನೆನಪು ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಆ ಹೊತ್ತಿನಲ್ಲಿ ಮನಸ್ಸು ನಡೆದದ್ದನ್ನು ಕಥೆಯಂತೆ ಆದಿ, ಅಂತ್ಯ, ತಾರೀಖು ಸಮೇತ ಜೋಡಿಸಿಡುವುದಿಲ್ಲ. ಒಂದು ಸದ್ದು, ಒಂದು ವಾಸನೆ, ಟ್ಯೂಬ್‌ಲೈಟಿನ ಬೆಳಕು, ಕಾಲಿನ ಜೋಮು ಎಂಬಂತೆ ಚೂರುಚೂರಾಗಿ ಉಳಿಸಿಕೊಳ್ಳುತ್ತದೆ. ಆ ಚೂರುಗಳಲ್ಲಿ ಒಂದನ್ನು ಹೋಲುವಂಥದ್ದು ಎದುರಾದರೆ ಸಾಕು, ಹಳೆಯ ಅಪಾಯ ಈಗಲೇ ನಡೆಯುತ್ತಿದೆ ಎಂಬಂತೆ ಮೈ ಎಚ್ಚೆತ್ತುಕೊಳ್ಳುತ್ತದೆ. ದೀಪಾವಳಿಯ ಸದ್ದಿಗೆ ಫೋನು ಬಿದ್ದದ್ದು ಹೀಗೆ. ಅದು ಪಟಾಕಿ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ; ತಿಳಿವಳಿಕೆ ಬರುವ ಮೊದಲೇ ಕೈ ನಡುಗಿತ್ತು. ಇಂಥ ನೆನಪನ್ನು ದೂರವಿಡಲು ಮನುಷ್ಯ ಜಾಗಗಳನ್ನು, ಜನರನ್ನು, ಮಾತುಗಳನ್ನು ತಪ್ಪಿಸಿಕೊಳ್ಳತೊಡಗುತ್ತಾನೆ. ತಪ್ಪಿಸಿಕೊಂಡಾಗ ಆ ಹೊತ್ತಿಗೆ ನಿರಾಳವಾಗುತ್ತದೆ, ಹಾಗಾಗಿಯೇ ಅದು ಅಭ್ಯಾಸವಾಗುತ್ತದೆ, ಅಭ್ಯಾಸವಾದಷ್ಟೂ ಭಯ ಬಲಿಯುತ್ತದೆ. ಮದುವೆಯ ವಿಷಯವಂತೂ ಸ್ಪಷ್ಟ: ನಿದ್ದೆಯಿಲ್ಲದ, ಬೆಚ್ಚಿಬೀಳುವ ಮನುಷ್ಯನ ಪಕ್ಕದಲ್ಲಿ ಏನೂ ಅರಿಯದ ಹುಡುಗಿಯನ್ನು ತಂದು ಕೂರಿಸಿದರೆ ಕಷ್ಟಪಡುವವರ ಸಂಖ್ಯೆ ಎರಡಾಗುತ್ತದೆ. ಮನೆಯಲ್ಲಿ ಶಾಂತಿ ಮಾಡಿಸಬೇಕೆಂದಿದ್ದರೆ ಮಾಡಿಸಿ, ನನ್ನ ಆಕ್ಷೇಪವಿಲ್ಲ. ಮದುವೆ ಮಾತ್ರ ಅವನು ಕೇಳಿದಾಗ.

“ಮೈಗೆ ಒಂದು ಗೀರೂ ಆಗಲಿಲ್ಲ” ಎಂದು ಬರೆದಿದ್ದೀರಿ. ಆಘಾತೋತ್ತರ ಒತ್ತಡದ ಸಮಸ್ಯೆ, ಅಂದರೆ ಪಿಟಿಎಸ್‌ಡಿ, 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಸೇರಿತು. ಅದರ ನಿಯಮಗಳಲ್ಲಿ ಮೈಮೇಲಿನ ಗಾಯ ಇರಲೇಬೇಕೆಂಬ ಮಾತಿಲ್ಲ. ಸಾವಿನ ಬೆದರಿಕೆಯನ್ನು ನೇರವಾಗಿ ಅನುಭವಿಸಿದ್ದರೆ ಸಾಕು. ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದು ಆರು ತಿಂಗಳು ಕಳೆದ ಮೇಲೆ ಪೂರ್ಣ ಲಕ್ಷಣಗಳು ಕಾಣಿಸಿಕೊಳ್ಳುವುದೂ ಉಂಟು. ಆರಂಭದಲ್ಲಿ ಪೊಲೀಸರ ಹೇಳಿಕೆ, ಶ್ರದ್ಧಾಂಜಲಿ ಸಭೆ, ಪರೀಕ್ಷೆ ಎಂದು ಓಡಾಟವಿರುತ್ತದೆ. ಸುತ್ತಲಿನವರೆಲ್ಲ ಅದನ್ನೇ ಮಾತನಾಡುತ್ತಿರುತ್ತಾರೆ. ಬೇರೆಯವರು ತಮ್ಮ ತಮ್ಮ ಕೆಲಸಕ್ಕೆ ಮರಳಿದ ಮೇಲೆ ಇವನೊಬ್ಬನೇ ಅಲ್ಲಿ ಉಳಿದಂತಾಗುತ್ತದೆ. ಇಂಥ ಘಟನೆಗಳಿಂದ ಪಾರಾದವರಲ್ಲಿ ಹೆಚ್ಚಿನವರು ಕಾಲಕ್ರಮೇಣ ಯಾವ ಚಿಕಿತ್ಸೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ ಎಂಬುದನ್ನೂ ಮರೆಯಬಾರದು. ಪತ್ರ ಓದಿ ರೋಗನಿರ್ಣಯ ಮಾಡಲು ನನ್ನಿಂದಾಗದು. ಆದರೆ ಹದಿನಾಲ್ಕು ತಿಂಗಳ ನಂತರವೂ ಸದ್ದಿಗೆ ಬೆಚ್ಚುವುದು, ನಿದ್ದೆಗೆಡುವುದು, ಓದು ಬಿಡುವುದು, ಎರಡು ದಿನ ಮೌನವಾಗುವುದು ಒಟ್ಟಿಗೇ ಇವೆಯೆಂದರೆ ತಜ್ಞರೊಬ್ಬರು ಅವನನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಲೇಬೇಕು.

ಇನ್ನು ನಿಮ್ಮ ತಂಗಿಯ ಮಗಳ ಮಾತು. ಹೇಳಿಕೊಂಡರೆ ಹಗುರಾಗುತ್ತದೆ, ಕಲೆ ಎಂದರೆ ಚಿಕಿತ್ಸೆ ಎಂಬುದು ಈಗಿನ ತಲೆಮಾರಿನ ನಂಬಿಕೆ. ನಮ್ಮ ವೃತ್ತಿಯವರೂ ಒಂದು ಕಾಲಕ್ಕೆ ಇದನ್ನೇ ನಂಬಿದ್ದರು. ದುರಂತ ನಡೆದ ಕೂಡಲೇ ಬದುಕುಳಿದವರನ್ನೆಲ್ಲ ಕೂರಿಸಿ, ನಡೆದದ್ದನ್ನು ಒಂದೇ ಸಲಕ್ಕೆ ಪೂರ್ತಿ ಹೇಳಿಸುವ ‘ಡಿಬ್ರೀಫಿಂಗ್’ ಎಂಬ ಪದ್ಧತಿ ವ್ಯಾಪಕವಾಗಿತ್ತು. ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲವೆಂದೂ, ಕೆಲವರಿಗೆ ಕೆಡುಕೇ ಆಗಬಹುದೆಂದೂ ಕಂಡಿತು. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಅದನ್ನು ಮಾಡಬೇಡಿ ಎಂದೇ ಹೇಳುತ್ತದೆ. ಇನ್ನೊಂದು ಕಡೆ, ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಮುಂದಿನ ತಿಂಗಳುಗಳಲ್ಲಿ, ಘಟನೆಯ ಜೊತೆಗೆ ತಮ್ಮ ಭಾವನೆಗಳನ್ನೂ ಬರೆದವರು ಆಸ್ಪತ್ರೆಗೆ ಹೋದದ್ದು ಕಡಿಮೆಯಾಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಈ ಲಾಭ ಸಣ್ಣದೆಂದು ಕಂಡಿದೆ. ಅಂದರೆ ಹೇಳಿಕೊಳ್ಳುವುದರಲ್ಲಿ ಗುಣವಿದೆ, ಆದರೆ ಯಾವಾಗ, ಎಷ್ಟು, ಯಾರ ಒತ್ತಾಯಕ್ಕೆ ಎಂಬುದರ ಮೇಲೆ ಅದು ನಿಂತಿದೆ. ಪೆನ್ನೆಬೇಕರ್ ಅವರ ವಿದ್ಯಾರ್ಥಿಗಳಿಗೆ ಹದಿನೈದು ನಿಮಿಷಕ್ಕೆ ಪೆನ್ನು ಕೆಳಗಿಡುವ ಗಡಿಯಿತ್ತು. ನಿಮ್ಮ ಮಗನ ರಾತ್ರಿಗಳಿಗೆ ಆ ಗಡಿಯಿಲ್ಲ.

ಅವನನ್ನು ಕೇಳಿದರೆ ಬಹುಶಃ, “ಥೆರಪಿಯಲ್ಲೂ ಮತ್ತೆ ಮತ್ತೆ ನೆನಪಿಸಿಕೊಳ್ಳಲೇ ಹೇಳುತ್ತಾರೆ, ನಾನು ಮಾಡುತ್ತಿರುವುದೂ ಅದನ್ನೇ” ಎಂದಾನು. ಮೇಲ್ನೋಟಕ್ಕೆ ಹೌದು. ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಎಂಬ ಚಿಕಿತ್ಸೆಯಲ್ಲಿ ರೋಗಿ ಕಣ್ಣು ಮುಚ್ಚಿಕೊಂಡು ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ಈಗಲೇ ನಡೆಯುತ್ತಿರುವಂತೆ ಹೇಳುತ್ತಾನೆ. ಕೊನೆಯೆಂದರೆ ಗುಂಡು ಹಾರಿದ ಕ್ಷಣವಲ್ಲ. ಪೊಲೀಸರು ಬಂದು ಬಾಗಿಲು ತೆಗೆಸಿದ್ದು, ಹೊರಗೆ ಬಿಸಿಲು ಕಂಡದ್ದು, ಮನೆಗೆ ಫೋನು ಮಾಡಿದ್ದು ಎಲ್ಲ ಸೇರಿ. ಎದೆಬಡಿತ ಏರುತ್ತದೆ, ಏರಿದ್ದು ತಾನಾಗಿ ಇಳಿಯುವವರೆಗೆ ಅವನನ್ನು ಅಲ್ಲಿಯೇ ಉಳಿಸಿಕೊಳ್ಳುತ್ತಾರೆ, ಆಮೇಲೆ ಏನು ಹೊಸದಾಗಿ ಹೊಳೆಯಿತು ಎಂದು ಮಾತನಾಡುತ್ತಾರೆ. ಎಡಿಟಿಂಗ್ ಟೇಬಲ್ಲಿನಲ್ಲಿ ನಡೆಯುವುದು ಇದಕ್ಕೆ ಬಹುಪಾಲು ಉಲ್ಟಾ. ಅಲ್ಲಿ ಅತ್ಯಂತ ಭೀಕರವಾದ ನಾಲ್ಕು ಸೆಕೆಂಡನ್ನು ಹಿಂದೆ ಮುಂದೆ ಎಳೆದು ನಲವತ್ತು ಸಲ ನೋಡಬೇಕಾಗುತ್ತದೆ. ಕಟ್ ಎಲ್ಲಿ ಬೀಳಬೇಕೆಂದು ನಿರ್ಧರಿಸಲು ಕೂಗಿನ ಮೊದಲ ಫ್ರೇಮಿನಲ್ಲಿ ಪರದೆಯನ್ನು ನಿಲ್ಲಿಸಿ ಅದನ್ನೇ ದಿಟ್ಟಿಸುತ್ತ ಕೂರಬೇಕಾಗುತ್ತದೆ. ಭಯ ತುತ್ತತುದಿಗೇರಿದಾಗ ಒಂದೋ ಲ್ಯಾಪ್‌ಟಾಪ್ ಮುಚ್ಚುತ್ತಾನೆ, ಇಲ್ಲವೇ ಏನೂ ಅನ್ನಿಸದಷ್ಟು ಮರಗಟ್ಟುತ್ತಾನೆ. ಎರಡರಲ್ಲಿ ಯಾವುದೇ ಆದರೂ ಮನಸ್ಸು ಕಲಿಯುವ ಪಾಠ, ಅಪಾಯ ಇನ್ನೂ ಮುಗಿದಿಲ್ಲ ಎಂಬುದೇ. ಬೆಳಗಿನ ಜಾವದವರೆಗೆ ನಿದ್ದೆ ಬಿಟ್ಟರೆ ಈ ಎಚ್ಚರ ಮರುದಿನಕ್ಕೂ ದಾಟುತ್ತದೆ.

ಇದರಲ್ಲೇ ಇನ್ನೊಂದು ಅಪಾಯವಿದೆ, ಅದನ್ನು ಸಿನಿಮಾ ಮಾಡುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಿಮ್ಮ ಮಗ ಆ ದಿನ ಮುಚ್ಚಿದ ಕೋಣೆಯಲ್ಲಿದ್ದ. ಅವನು ಕೇಳಿಸಿಕೊಂಡ, ಕಾರಿಡಾರಿನಲ್ಲಿ ಏನಾಯಿತೆಂದು ನೋಡಲಿಲ್ಲ. ಈಗ ಬೇರೆಯವರ ಮೊಬೈಲುಗಳಿಂದ ಅದನ್ನೂ ನೋಡುತ್ತಿದ್ದಾನೆ. ತಾನು ನೋಡದೆ ಉಳಿದಿದ್ದ ಚಿತ್ರಗಳನ್ನು ಒಂದೊಂದಾಗಿ ತಲೆಯೊಳಗೆ ಸೇರಿಸಿಕೊಳ್ಳುತ್ತಿದ್ದಾನೆ. ನೆನಪು ಒಮ್ಮೆ ಅಚ್ಚಾದರೆ ಬದಲಾಗದಂಥದ್ದೇನಲ್ಲ. ಪ್ರತಿಸಲ ಹೊರತೆಗೆದಾಗಲೂ ಸ್ವಲ್ಪ ತಿದ್ದುಪಡಿಯಾಗಿ ಒಳಗೆ ಹೋಗುತ್ತದೆ, ಕೆಲವು ತಿಂಗಳಲ್ಲಿ ಕಂಡದ್ದು ಯಾವುದು, ವಿಡಿಯೋದಲ್ಲಿ ಸೇರಿಕೊಂಡದ್ದು ಯಾವುದು ಎಂಬ ಗೆರೆ ಅಳಿಸಿಹೋಗಬಹುದು. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ನಡೆದ ಸಮೀಕ್ಷೆಯೊಂದರಲ್ಲಿ, ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿ ದೃಶ್ಯಗಳಲ್ಲಿ ಮುಳುಗಿದ್ದವರು, ಸ್ಫೋಟದ ಸ್ಥಳದಲ್ಲಿಯೇ ಇದ್ದವರಿಗಿಂತ ಹೆಚ್ಚು ತೀವ್ರವಾದ ಒತ್ತಡವನ್ನು ವರದಿ ಮಾಡಿದರು. ಅದು ಟಿ.ವಿ. ನೋಡಿದವರ ಕಥೆ. ಅಲ್ಲೇ ಇದ್ದು, ಆಮೇಲೆ ಅದನ್ನೇ ರಾತ್ರಿಯೆಲ್ಲ ನೋಡುವವನ ಮೇಲೆ ಎರಡೂ ಹೊರೆ ಬೀಳುತ್ತವೆ.

ಇಷ್ಟೆಲ್ಲ ಹೇಳಿಯೂ ಸಿನಿಮಾ ನಿಲ್ಲಿಸಬೇಡಿ ಎಂದದ್ದೇಕೆ? ಗುಂಡಿನ ದಾಳಿಯಲ್ಲಿ ಸಿಕ್ಕಿಕೊಂಡವನಿಂದ ಕಿತ್ತುಕೊಳ್ಳಲ್ಪಡುವ ಮೊದಲ ವಸ್ತುವೇ ಹಿಡಿತ. ಎಲ್ಲಿ ಕೂರಬೇಕು, ಯಾವಾಗ ಉಸಿರಾಡಬೇಕು ಎಂಬುದನ್ನೂ ಅಂದು ಇನ್ನೊಬ್ಬ ನಿರ್ಧರಿಸಿದ್ದ. ಸಿನಿಮಾದಲ್ಲಿ ಎಲ್ಲಿ ಶುರುಮಾಡಬೇಕು, ಏನನ್ನು ತೋರಿಸಬಾರದು, ಎಲ್ಲಿ ಕತ್ತರಿಸಬೇಕು ಎಂಬುದು ಇವನ ಕೈಯಲ್ಲಿದೆ. ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಗುಂಡಿಕ್ಕಿ ಕೊಂದಾಗ ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಕಣ್ಣೆದುರೇ ಮನೆಯವರನ್ನು ಕಳೆದುಕೊಂಡವರ ಮುಂದೆ ಮೈಕು ಹಿಡಿದು ಆ ಕ್ಷಣವನ್ನು ಮತ್ತೆ ಮತ್ತೆ ಹೇಳಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅದೂ ಹೇಳಿಕೊಳ್ಳುವುದೇ, ಆದರೆ ಹೇಳುವವರ ಕೈಯಲ್ಲಿ ನಿಲ್ಲಿಸುವ ಗುಂಡಿ ಇರಲಿಲ್ಲ. ನಿಮ್ಮ ಮಗನ ಬಳಿ ಅದಿದೆ. ಅವನು ಅದನ್ನು ಒತ್ತಲು ಕಲಿಯಬೇಕಷ್ಟೆ.

ಈ ದಾರಿಯಲ್ಲಿ ನಡೆದವರು ಮೊದಲೂ ಇದ್ದಾರೆ. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ದಾಳಿ ನಡೆದಾಗ ಲಾರಾ ಫಾರ್ಬರ್ ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ. ತನ್ನ ಸಹಪಾಠಿಗಳನ್ನು ಮಾತನಾಡಿಸಿ ಆಕೆ ಮಾಡಿದ ಸಾಕ್ಷ್ಯಚಿತ್ರ ಬಂದದ್ದು 2018ರಲ್ಲಿ. ನಾರ್ವೆಯ ಉಟೋಯಾ ದ್ವೀಪದಲ್ಲಿ 2011ರ ಜುಲೈ 22ರಂದು 69 ಮಂದಿ ಹತರಾದರು. ಕಾರ್ಲ್ ಯಾವೇರ್ ಎಂಬ ಸ್ವೀಡಿಷ್ ನಿರ್ದೇಶಕ ಏಳು ವರ್ಷಗಳ ನಂತರ ಹೊರತಂದ ಚಿತ್ರದಲ್ಲಿ ಬದುಕುಳಿದ ನಾಲ್ವರು ತಮ್ಮ ನೆನಪನ್ನು ಬೇರೆ ಯುವಕ ಯುವತಿಯರಿಗೆ ವಿವರಿಸಿ, ಸ್ಟುಡಿಯೋದೊಳಗೆ ಅವರಿಂದ ಅಭಿನಯಿಸಿ ನೋಡುತ್ತಾರೆ. ನಿಲ್ಲಿಸಿ, ಹೀಗಲ್ಲ ಹಾಗೆ ಎಂದು ತಿದ್ದುವ ಅಧಿಕಾರ ಅವರದು. ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರದ ಮೇಲಿಂದ 1966ರ ಆಗಸ್ಟ್ 1ರಂದು ನಡೆದ ಗುಂಡಿನ ದಾಳಿಯ ಬಗ್ಗೆ ಕೀತ್ ಮೇಟ್‌ಲ್ಯಾಂಡ್ 2016ರಲ್ಲಿ ಮಾಡಿದ ಚಿತ್ರದಲ್ಲಿ ಆ ದಿನದ ಘಟನೆಗಳನ್ನು ಬಹುಪಾಲು ಅನಿಮೇಷನ್ನಿನಲ್ಲಿ ಮರುಸೃಷ್ಟಿಸಲಾಗಿದೆ. ಅನಿಮೇಷನ್ನಿನ ಎಳೆಯ ಮುಖಗಳು ಹೇಳುತ್ತಿದ್ದ ಮಾತನ್ನು ಮುಂದೆ ನಿಜವಾದ, ವಯಸ್ಸಾದ ಮುಖಗಳು ಮುಂದುವರಿಸುತ್ತವೆ. ಮೂರು ಚಿತ್ರಗಳ ಹಿಂದಿನ ಕಾಲವನ್ನು ನೋಡಿ: ಹತ್ತೊಂಬತ್ತು ವರ್ಷ, ಏಳು ವರ್ಷ, ಐವತ್ತು ವರ್ಷ. ಅಷ್ಟು ಕಾಯಲೇಬೇಕೆಂಬ ನಿಯಮವೇನಿಲ್ಲ. ಆದರೆ ಇವರ್ಯಾರಿಗೂ ಹದಿನಾಲ್ಕನೆಯ ತಿಂಗಳಲ್ಲಿ ಸಿನಿಮಾ ಮುಗಿಸುವ ಆತುರವಿರಲಿಲ್ಲ ಎಂಬುದನ್ನು ನಿಮ್ಮ ಮಗ ಗಮನಿಸಲಿ. ಅನಿಮೇಷನ್, ಅಭಿನಯ, ಬರಿಯ ಧ್ವನಿ ಇವೆಲ್ಲ ದೂರವನ್ನು ಸೃಷ್ಟಿಸುವ ಉಪಾಯಗಳು. ರಕ್ತದ ಫೂಟೇಜ್ ಇಲ್ಲದೆಯೂ ಸತ್ಯವನ್ನು ಹೇಳಬಹುದು.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಬದುಕುಳಿದವರಲ್ಲಿ ಭಯ ಕಡಿಮೆಯಾದ ಮೇಲೂ ಉಳಿಯುವುದು ತಪ್ಪಿತಸ್ಥ ಭಾವನೆ. ಯಾರೋ ಬಾಗಿಲು ಬಡಿದರು, ತೆಗೆಯಲಿಲ್ಲ. ಆ ಕೈ ಯಾರದು? ಆ ಮನುಷ್ಯ ಬದುಕಿದನೇ? ತೆಗೆದಿದ್ದರೆ? ನನ್ನ ಅನುಭವದಲ್ಲಿ, ಇಂಥ ಒಂದು ಪ್ರಶ್ನೆಯನ್ನು ಒಳಗಿಟ್ಟುಕೊಂಡವರು ಸುತ್ತುಬಳಸಿ ಅಲ್ಲಿಗೇ ಮರಳುತ್ತಾರೆ. ಕೆಲವರು ಕುಡಿತದಲ್ಲಿ, ಕೆಲವರು ಅತಿಯಾದ ಕೆಲಸದಲ್ಲಿ. ನಿಮ್ಮ ಮಗ ಬೇರೆಯವರ ವಿಡಿಯೋಗಳನ್ನು ತರಿಸಿಕೊಂಡು ರಾತ್ರಿಯೆಲ್ಲ ಹುಡುಕುತ್ತಿರುವುದು ಸಿನಿಮಾಕ್ಕೆ ಬೇಕಾದ ದೃಶ್ಯವನ್ನೋ ಅಥವಾ ಆ ಬಾಗಿಲಿನ ಹೊರಗಿದ್ದವರನ್ನೋ ಎಂಬ ಅನುಮಾನ ನನಗಿದೆ. ಎರಡನೆಯದಾಗಿದ್ದರೆ ಅವನು ಮಾಡುತ್ತಿರುವುದು ಸಾಕ್ಷ್ಯಚಿತ್ರಕ್ಕಿಂತ ಹೆಚ್ಚಾಗಿ ತನ್ನ ಮೇಲಿನ ವಿಚಾರಣೆ. ಆರೋಪಿಯೂ ಅವನೇ, ವಕೀಲನೂ ಅವನೇ, ತೀರ್ಪು ಬರೆಯುವವನೂ ಅವನೇ. ಇಂಥ ವಿಚಾರಣೆಯಲ್ಲಿ ಬಿಡುಗಡೆಯ ತೀರ್ಪು ಬರುವುದು ಅಪರೂಪ.

ಅಮೆರಿಕದ ಶಾಲಾ ಕಾಲೇಜುಗಳಲ್ಲಿ ಕಲಿಸುವ ಸೂಚನೆ ಎಲ್ಲರಿಗೂ ಗೊತ್ತಿದೆ: ಓಡಲು ಸಾಧ್ಯವಾದರೆ ಓಡಿ, ಆಗದಿದ್ದರೆ ಬಾಗಿಲು ಭದ್ರಪಡಿಸಿಕೊಂಡು ಅಡಗಿ, ಪೊಲೀಸರು ಬರುವವರೆಗೆ ತೆಗೆಯಬೇಡಿ. ಬಡಿಯುತ್ತಿರುವವನೇ ಬಂದೂಕು ಹಿಡಿದವನೂ ಆಗಿರಬಹುದು ಎಂಬ ಕಾರಣಕ್ಕೇ ಹಾಗೆ ಕಲಿಸುತ್ತಾರೆ. ಒಳಗೆ ಇನ್ನಿಬ್ಬರ ಜೀವವೂ ಇತ್ತು. ಇದನ್ನು ನೀವು ಅವನಿಗೆ ಹೇಳಿದರೆ “ಗೊತ್ತು ಅಮ್ಮ” ಎನ್ನುತ್ತಾನೆ. ತಲೆಗೆ ಗೊತ್ತಿರುತ್ತದೆ, ಅಪರಾಧಿ ಭಾವ ಕದಲುವುದಿಲ್ಲ. ಯಾಕೆಂದರೆ ಅಂತ್ಯ ಗೊತ್ತಾದ ಮೇಲೆ ಮನಸ್ಸು ಹಿಂದಕ್ಕೆ ಹೋಗಿ, ಆಗಲೂ ನನಗೆ ಗೊತ್ತಿತ್ತು ಎಂದು ತಪ್ಪಾಗಿ ನಂಬುತ್ತದೆ. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಎಂಬ ವಿಧಾನ ಕೆಲಸ ಮಾಡುವುದು ಇಂಥ ಗಂಟಿನ ಮೇಲೆಯೇ. ಸಾಮಾನ್ಯವಾಗಿ ಹನ್ನೆರಡು ಭೇಟಿಗಳು. ಅಲ್ಲಿ ಚಿಕಿತ್ಸಕರು ಸಮಾಧಾನ ಹೇಳುವುದಿಲ್ಲ. ಆ ನಿಮಿಷದಲ್ಲಿ ನಿನಗೆ ಏನೇನು ಗೊತ್ತಿತ್ತು, ಯಾವ ಯಾವ ದಾರಿಗಳಿದ್ದವು, ಆಯ್ಕೆ ಎನ್ನುವುದು ನಿಜಕ್ಕೂ ಇತ್ತೇ ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ, ಬರೆಸುತ್ತಾರೆ. ಸಿನಿಮಾದ ಟೈಮ್‌ಲೈನ್ ಇಲ್ಲಿ ಅಚ್ಚರಿಯ ರೀತಿಯಲ್ಲಿ ನೆರವಿಗೆ ಬರಬಹುದು. ಯಾವ ನಿಮಿಷಕ್ಕೆ ಯಾರಿಗೆ ಏನು ಗೊತ್ತಿತ್ತು ಎಂಬುದನ್ನು ಕ್ರಮವಾಗಿ ಜೋಡಿಸಿದಾಗ, ಆ ಕೋಣೆಯೊಳಗಿದ್ದವರಿಗೆ ಎಷ್ಟು ಕಡಿಮೆ ಗೊತ್ತಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಬಡಿದವರು ಯಾರೆಂದು ಒಬ್ಬನೇ ಹುಡುಕಿಕೊಂಡು ಹೋಗಬಾರದು. ಉತ್ತರ ಸಿಗದೇ ಇರಬಹುದು. ಸಿಕ್ಕಿದರೆ ಅದು ಸತ್ತವರೊಬ್ಬರ ಮನೆಯ ಬಾಗಿಲಿಗೆ ಕರೆದೊಯ್ಯಬಹುದು. ಆ ಎರಡಕ್ಕೂ ಅವನು ಚಿಕಿತ್ಸಕರ ಜೊತೆ ಕುಳಿತು ಮೊದಲೇ ಸಿದ್ಧನಾಗಿರಬೇಕು.

ಹಾಗಾದರೆ ಮುಂದಿನ ದಾರಿ ಏನು? ನೀವು ಒತ್ತಡ ಹಾಕಿ ಸಿನಿಮಾ ಪೂರ್ತಿ ಬಿಡಿಸಿದರೆ, ಅವನಿಗೆ ಈಗಿರುವ ಒಂದೇ ಅರ್ಥಪೂರ್ಣ ಕೆಲಸವೂ, ಅದನ್ನು ಹಂಚಿಕೊಂಡಿರುವ ಒಬ್ಬಳೇ ಸಂಗಾತಿಯೂ ಹೋಗುತ್ತಾರೆ, ಜೊತೆಗೆ ಮನೆಯವರೊಂದಿಗೆ ಮಾತನಾಡುವುದನ್ನೂ ನಿಲ್ಲಿಸಬಹುದು. ಈಗಿನಂತೆಯೇ ಬಿಟ್ಟರೆ ನಿದ್ದೆ, ಓದು, ಆರೋಗ್ಯ ಮೂರೂ ಕುಸಿಯಬಹುದು. ಚಿಕಿತ್ಸೆ ಒಂದು ಹಂತಕ್ಕೆ ಬರುವವರೆಗೆ ದಾಳಿಯ ಫೂಟೇಜನ್ನು ಮಾತ್ರ ಪಕ್ಕಕ್ಕಿಟ್ಟು, ಉಳಿದ ಕೆಲಸ ಮುಂದುವರಿಸುವುದು ನಾನು ಇಷ್ಟಪಡುವ ದಾರಿ. ಕ್ಯಾಂಪಸ್ಸಿನ ಇಂದಿನ ದಿನಗಳನ್ನು ಚಿತ್ರೀಕರಿಸಬಹುದು, ಸಂದರ್ಶನಗಳ ಲಿಖಿತ ಪ್ರತಿ ಮಾಡಬಹುದು, ಸಂಗೀತದ ಬಗ್ಗೆ ಯೋಚಿಸಬಹುದು. ಇದರಲ್ಲೂ ಒಂದು ತೊಡಕಿದೆ: ವಿರಾಮವೇ ತಪ್ಪಿಸಿಕೊಳ್ಳುವಿಕೆಯಾಗಿ ಬೆಳೆಯಬಹುದು. ಆದ್ದರಿಂದ ಮತ್ತೆ ಯಾವಾಗ ತೆರೆಯಬೇಕೆಂದು ಚಿಕಿತ್ಸಕರೊಂದಿಗೆ ತಾರೀಖು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ದೃಶ್ಯಗಳನ್ನು ಮುಟ್ಟಲೇಬೇಕಾದಾಗ, ಹಿಂಸೆಯ ವಿಡಿಯೋಗಳನ್ನು ದಿನವೂ ಪರಿಶೀಲಿಸುವ ಪತ್ರಕರ್ತರು ಮತ್ತು ಮಾನವ ಹಕ್ಕುಗಳ ತನಿಖೆಗಾರರು ರೂಢಿಸಿಕೊಂಡ ಕೆಲವು ಕ್ರಮಗಳು ಅವನಿಗೆ ಉಪಯೋಗವಾಗುತ್ತವೆ. ಮೊದಲ ಸಲ ಶಬ್ದವನ್ನು ಪೂರ್ತಿ ತೆಗೆದು ನೋಡುವುದು. ಶಬ್ದ ದೃಶ್ಯಕ್ಕಿಂತ ಆಳಕ್ಕಿಳಿಯುತ್ತದೆ, ಕೋಣೆಯೊಳಗೆ ಕುಳಿತು ಬರಿಯ ಸದ್ದು ಕೇಳಿದವನಿಗಂತೂ ಹೇಳುವುದೇ ಬೇಡ. ಪರದೆಯ ಮೇಲೆ ವಿಡಿಯೋದ ಕಿಟಕಿ ಸಣ್ಣದಾಗಿರಲಿ, ಪೂರ್ಣ ಪರದೆ ಬೇಡ. ಹಗಲಿನಲ್ಲಿ, ಗಡಿಯಾರ ಇಟ್ಟುಕೊಂಡು, ಇನ್ನೊಬ್ಬರು ಕೋಣೆಯಲ್ಲಿರುವಾಗ. ಅತ್ಯಂತ ಕೆಟ್ಟ ತುಣುಕುಗಳನ್ನು ಆ ದಿನ ಅಲ್ಲಿರದಿದ್ದ ಬೇರೊಬ್ಬ ಎಡಿಟರ್ ನೋಡಿ, ಯಾವುದರಲ್ಲಿ ಏನಿದೆ ಎಂದು ಪಟ್ಟಿ ಮಾಡಿಕೊಟ್ಟರೆ ಇನ್ನೂ ಉತ್ತಮ. ಮಲಗುವ ಕೋಣೆಯಲ್ಲಿ ಎಡಿಟಿಂಗ್ ಕೂಡದು. ಅವನ ಸಹಪಾಠಿಯೂ ಅದೇ ಕ್ಯಾಂಪಸ್ಸಿನವಳು, ಈ ಮಾತುಗಳು ಅವಳಿಗೂ ಅನ್ವಯಿಸುತ್ತವೆ.

ಸಂದರ್ಶನ ಕೊಡುವ ಇತರ ಬದುಕುಳಿದವರ ಒಪ್ಪಿಗೆಯನ್ನು ಒಂದು ಸಹಿಗೆ ಮುಗಿಸಬಾರದು. ಚಿತ್ರೀಕರಣದ ದಿನ, ಎಡಿಟಿಂಗ್ ಮುಗಿದಾಗ, ಪ್ರದರ್ಶನಕ್ಕೆ ಮೊದಲು ಮತ್ತೆ ಕೇಳಬೇಕು, ಬೇಡವೆಂದರೆ ತೆಗೆದುಬಿಡಬೇಕು. ದಾಳಿಕೋರನ ಹೆಸರು, ಮುಖ ಬೇಕೇ ಎಂಬುದನ್ನೂ ಯೋಚಿಸಲಿ. ಅಮೆರಿಕದ ಅರೋರಾದಲ್ಲಿ 2012ರಲ್ಲಿ ನಡೆದ ಚಿತ್ರಮಂದಿರ ದಾಳಿಯಲ್ಲಿ ಮಗನನ್ನು ಕಳೆದುಕೊಂಡ ತಂದೆ ತಾಯಿ, ಕೊಲೆಗಾರರಿಗೆ ಪ್ರಚಾರ ಕೊಡಬೇಡಿ ಎಂದು ಶುರುಮಾಡಿದ ‘ನೋ ನಟೋರಿಟಿ’ ಆಂದೋಲನವನ್ನು ಅಲ್ಲಿನ ಮಾಧ್ಯಮದವರು ಬಲ್ಲರು. ಬಿಡುಗಡೆಯ ನಂತರದ ಕಷ್ಟ ಬೇರೆಯೇ. ಚಿತ್ರೋತ್ಸವಗಳು ತಿರಸ್ಕರಿಸಬಹುದು, ಅದನ್ನು ಅವನು ತನ್ನ ನೋವನ್ನೇ ತಿರಸ್ಕರಿಸಿದಂತೆ ತೆಗೆದುಕೊಳ್ಳಬಹುದು. ಪ್ರದರ್ಶನ ಮುಗಿದ ಮೇಲೆ ಅಪರಿಚಿತರು ಎದ್ದುನಿಂತು ಬಾಗಿಲಿನ ಪ್ರಶ್ನೆಯನ್ನೇ ಕೇಳಬಹುದು. ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರಲ್ಲಿ ಗುಂಡಿನ ದಾಳಿಗೆ ಇಪ್ಪತ್ತು ಪುಟ್ಟ ಮಕ್ಕಳು ಸತ್ತ ಮೇಲೂ ಅದೆಲ್ಲ ನಾಟಕವೆಂದು ಪ್ರಚಾರ ಮಾಡಿ ತಂದೆ ತಾಯಂದಿರನ್ನು ವರ್ಷಗಟ್ಟಲೆ ಕಾಡಿದವರಿದ್ದರು. 2022ರಲ್ಲಿ ನ್ಯಾಯಾಲಯದ ಜ್ಯೂರಿಗಳು ಭಾರೀ ಪರಿಹಾರ ವಿಧಿಸಬೇಕಾಯಿತು. ಕಾಮೆಂಟುಗಳನ್ನು ಅವನ ಬದಲು ಬೇರೊಬ್ಬರು ಓದುವ ವ್ಯವಸ್ಥೆ ಮೊದಲೇ ಆಗಿರಲಿ.

ಚಿಕಿತ್ಸೆಯ ಬಗ್ಗೆ: ಮೇಲೆ ಹೇಳಿದ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಮತ್ತು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿಗಳ ಜೊತೆಗೆ, ಕಣ್ಣುಗಳನ್ನು ಅತ್ತಿತ್ತ ಚಲಿಸುತ್ತಾ ಆ ನೆನಪನ್ನು ಎದುರಿಸುವ ಇಎಂಡಿಆರ್ ಎಂಬುದೂ ಇದೆ, ಮೂರಕ್ಕೂ ಒಳ್ಳೆಯ ಆಧಾರವಿದೆ. ಮೊದಲ ಕೆಲವು ಭೇಟಿಗಳ ನಂತರ ಕನಸುಗಳು ಹೆಚ್ಚಬಹುದು, ಆಗ ಹಲವರು ಬಿಟ್ಟುಬಿಡುತ್ತಾರೆ. ಅದನ್ನು ಮೊದಲೇ ತಿಳಿದಿದ್ದರೆ ಉಳಿಯುವುದು ಸುಲಭ. ಔಷಧಿಗಳಲ್ಲಿ ಸರ್ಟ್ರಲಿನ್ ಮತ್ತು ಪ್ಯಾರಾಕ್ಸೆಟಿನ್‌ಗಳಿಗೆ ಅಮೆರಿಕದಲ್ಲಿ ಪಿಟಿಎಸ್‌ಡಿಗೆಂದೇ ಅನುಮತಿಯಿದೆ, ಅಲ್ಲಿನ ವೈದ್ಯರು ಬೇಕೆನಿಸಿದರೆ ಕೊಡುತ್ತಾರೆ. ಇಲ್ಲಿಂದ ಮಾತ್ರೆ ಖಂಡಿತ ಕಳಿಸಬೇಡಿ. ನಮ್ಮಲ್ಲಿ ನಿದ್ದೆಗೆಂದು ಸಲೀಸಾಗಿ ನುಂಗುವ ಆಲ್‌ಪ್ರಜೋಲಮ್, ಕ್ಲೋನಜೆಪಾಮ್ ಜಾತಿಯ ಮಾತ್ರೆಗಳು ಈ ತೊಂದರೆಯಲ್ಲಿ ಲಾಭ ಕೊಡುವುದಿಲ್ಲ, ಚಟವಾಗುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರಿಗೇ ಅಪಾಯ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಯಾರದೋ ಸೂಟ್‌ಕೇಸಿನಲ್ಲಿ ಕಳಿಸುವುದು ಅಲ್ಲಿನ ಕಾನೂನಿಗೂ ವಿರುದ್ಧ.

ಅಲ್ಲಿ ಚಿಕಿತ್ಸಕರಿಗೆ ರಾಜ್ಯವಾರು ಪರವಾನಗಿ ಇರುವುದರಿಂದ ನಾನು ಇಲ್ಲಿಂದ ವಿಡಿಯೋದಲ್ಲಿ ಅವನಿಗೆ ಚಿಕಿತ್ಸೆ ಕೊಡುವುದು ಸರಿಯಲ್ಲ. ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರ ಮೊದಲ ಮೆಟ್ಟಿಲು; ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದವರೇ ಬೇಕು ಎಂದು ಅವನು ಕೇಳಬೇಕು. ಖರ್ಚಿನ ಚಿಂತೆಯಿದ್ದರೆ, ಅಮೆರಿಕದ ಪ್ರತಿ ರಾಜ್ಯದಲ್ಲೂ ಅಪರಾಧ ಸಂತ್ರಸ್ತರಿಗೆ ಪರಿಹಾರ ಯೋಜನೆಯಿದೆ, ಕೌನ್ಸೆಲಿಂಗ್ ವೆಚ್ಚ ಅದರಲ್ಲಿ ಸೇರುತ್ತದೆ. ಅರ್ಜಿಗೆ ಗಡುವಿರುವುದರಿಂದ ತಡಮಾಡಬಾರದು. ಕೋರ್ಸು ಬಿಟ್ಟ ವಿಷಯ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು, ಏಕೆಂದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಪೂರ್ಣಾವಧಿ ಓದಬೇಕು. ಅನಾರೋಗ್ಯದ ಕಾರಣಕ್ಕೆ ವೈದ್ಯರ ಶಿಫಾರಸಿನೊಂದಿಗೆ ಒಟ್ಟು 12 ತಿಂಗಳವರೆಗೆ ಕೋರ್ಸುಗಳ ಹೊರೆ ಇಳಿಸಿಕೊಳ್ಳಲು ಅವಕಾಶವಿದೆ, ಆದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಮೊದಲೇ ಸಿಕ್ಕಿರಬೇಕು. ಇದನ್ನು ಅವನು ಈ ವಾರವೇ ವಿಚಾರಿಸಲಿ.

ಕಳಿಸಿರುವ ಕರಡನ್ನು ನೀವು ನೋಡಬೇಕೆಂಬುದು ನನ್ನ ಅನಿಸಿಕೆ. ಬಾಯಲ್ಲಿ ಹೇಳಲಾಗದ್ದನ್ನು ಅವನು ಹಾಗೆ ನಿಮಗೆ ತಲುಪಿಸಿರಬಹುದು. ಆದರೆ ತೆರೆಯುವ ಮೊದಲು, ಅದರಲ್ಲಿ ಏನೇನಿದೆ, ನಾನು ನೋಡಬಾರದ್ದು ಯಾವುದಾದರೂ ಇದೆಯೇ ಎಂದು ಅವನನ್ನೇ ಕೇಳಿ. ಹಗಲಿನಲ್ಲಿ, ಯಜಮಾನರನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಡುವೆ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಿ, ನಿಲ್ಲಿಸಿದೆ ಎಂದು ಅವನಿಗೆ ಹೇಳಿ. ಅದೂ ಅವನಿಗೆ ಉಪಯುಕ್ತ ಮಾಹಿತಿಯೇ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ವಿಮರ್ಶೆ ಬೇಡ. ಬಾಗಿಲಿನ ಪ್ರಸ್ತಾಪ ಅದರಲ್ಲಿದ್ದರೆ, “ಅದು ನಿನ್ನ ತಪ್ಪಲ್ಲ” ಎಂದು ಅವಸರದಿಂದ ಮುಚ್ಚಬೇಡಿ. “ಆ ಹೊತ್ತಿನಲ್ಲಿ ಒಳಗೆ ಹೇಗಿತ್ತು?” ಎಂದಷ್ಟೇ ಕೇಳಿ, ಅವನು ಎಷ್ಟು ಹೇಳುತ್ತಾನೋ ಅಷ್ಟು ಕೇಳಿಸಿಕೊಳ್ಳಿ.

ಬದುಕುವುದರಲ್ಲಿ ಅರ್ಥವಿಲ್ಲ ಎನ್ನುವುದು, ಸಿನಿಮಾ ಮುಗಿದ ಮೇಲೆ ತನ್ನ ಕೆಲಸ ಮುಗಿಯಿತು ಎನ್ನುವುದು, ಕುಡಿತ ಹೆಚ್ಚುವುದು, ವಸ್ತುಗಳನ್ನು ಹಂಚಿಬಿಡುವುದು, ಬಂದೂಕಿನ ಬಗ್ಗೆ ವಿಚಾರಿಸುವುದು, ಇವುಗಳಲ್ಲಿ ಯಾವುದೊಂದು ಕಿವಿಗೆ ಬಿದ್ದರೂ ಕಾಯಬೇಡಿ. “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿಯೇ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಮೆರಿಕದಲ್ಲಿ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಅವನ ಸಹಪಾಠಿಯ ಮತ್ತು ಜೊತೆಯಲ್ಲಿರುವವರ ಫೋನ್ ನಂಬರುಗಳನ್ನು ಇಂದೇ ಪಡೆದು ಬರೆದಿಟ್ಟುಕೊಳ್ಳಿ. ಹದಿನಾಲ್ಕು ತಿಂಗಳಿಂದ ನೀವೂ ಫೋನಿನ ಪಕ್ಕದಲ್ಲೇ ಮಲಗುತ್ತಿರುವಿರೆಂದು ಊಹಿಸುತ್ತೇನೆ. ನಿಮ್ಮ ನಿದ್ದೆಯೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ.